ಭೋಜದ ಸಾತಗೌಡರು ಶಾಂತಿಸಾಗರರಾದ ಬಗೆ

ಭಾದ್ರಪದ ಮಾಸದ ದಶಲಕ್ಷಣ ಪರ್ವವು ಬಂದಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಿನ ನಮ್ಮ ಬಸದಿಗಳಲ್ಲಿ ನಿಯಮ ಹಿಡಿಯುವವರ ಸಡಗರ ಕಾಣುತ್ತದೆ. ಒಬ್ಬರು ರಾತ್ರಿಭೋಜನವನ್ನು ಬಿಡುತ್ತಾರೆ, ಇನ್ನೊಬ್ಬರು ಕಂದಮೂಲಗಳನ್ನು ತ್ಯಜಿಸುತ್ತಾರೆ, ಮತ್ತೊಬ್ಬರು ನಿತ್ಯ ಸ್ವಾಧ್ಯಾಯದ ಸಂಕಲ್ಪ ಮಾಡುತ್ತಾರೆ. ಕಾರ್ತಿಕದ ಅಷ್ಟಾಹ್ನಿಕ ಬರುವ ಹೊತ್ತಿಗೆ ಅವುಗಳಲ್ಲಿ ಎಷ್ಟು ಉಳಿದಿರುತ್ತವೆಂಬುದನ್ನು ಅವರವರ ಮನೆಯ ಅಡುಗೆಮನೆಯೇ ಬಲ್ಲುದು. ಇದನ್ನು ದೂಷಣೆಗಾಗಿ ಹೇಳುತ್ತಿಲ್ಲ. ಈ ಸಾಲುಗಳನ್ನು ಬರೆಯುತ್ತಿರುವವನೂ ಆ ಸಾಲಿನಲ್ಲಿ ನಿಂತವನೇ. ವ್ರತವನ್ನು ತೆಗೆದುಕೊಳ್ಳುವುದು ಒಂದು ಮುಂಜಾವಿನ ಕೆಲಸ, ಅದನ್ನು ನಡೆಯಿಸುವುದು ಬಾಳಿನುದ್ದಕ್ಕೂ ಚಾಚಿದ ಕೆಲಸ. ಈ ಎರಡರ ನಡುವಣ ದೂರವನ್ನು ನಮ್ಮ ಜಿಲ್ಲೆಯ ಒಬ್ಬ ಒಕ್ಕಲು ಮಗನು ಹೇಗೆ ಕ್ರಮಿಸಿದನೆಂಬುದನ್ನು ಇಲ್ಲಿ ನೆನೆಯಬೇಕಾಗಿದೆ.

ನಮ್ಮ ಸೀಮೆಗೆ ವ್ರತವೂ ಚಾತುರ್ಮಾಸವೂ ಹೊಸವಲ್ಲ. ಕಿತ್ತೂರಿನ ನೆರೆಯ ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬ ರವಿವರ್ಮನ ತಾಮ್ರಶಾಸನವು ಆರನೆಯ ಶತಮಾನದ್ದು. ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನಗಳ ಜಿನೇಂದ್ರ ಮಹಿಮೆಯು ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರದ ಏರ್ಪಾಡು ಇರಬೇಕೆಂದೂ ಅದು ವಿಧಿಸುತ್ತದೆ. ಇಂದಿನ ಸವದತ್ತಿಯೇ ಅಂದಿನ ಸುಗಂಧವರ್ತಿ. ಅಲ್ಲಿ ರಟ್ಟ ಮನೆತನದ ಶಾಂತಿವರ್ಮನು ೯೮೦ರಲ್ಲಿ ತಾನು ಕಟ್ಟಿಸಿದ ಬಸದಿಗೆ ೧೫೦ ಮತ್ತರು ಭೂಮಿಯನ್ನು ಬಿಟ್ಟುಕೊಟ್ಟನು. ಮುನಿಗಳಿಗಾಗಿ ಊರು, ಊರಿಗಾಗಿ ಮುನಿಗಳು ಎಂಬಂತಿದ್ದ ನೆಲವಿದು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಇದೇ ನೆಲದಲ್ಲಿ ನಿರ್ಗ್ರಂಥ ಮುನಿಗಳ ದರ್ಶನವು ಅಪರೂಪದಲ್ಲಿ ಅಪರೂಪವಾಗಿತ್ತು. ಇದ್ದ ಕೆಲವೇ ಮುನಿಗಳ ಚರ್ಯೆಯೂ ಕಾಲದ ಒತ್ತಡದಿಂದ ಸಡಿಲಗೊಂಡಿತ್ತು. ಶಾಸ್ತ್ರದಲ್ಲಿ ಒಂದು, ಆಚರಣೆಯಲ್ಲಿ ಇನ್ನೊಂದು ಎಂಬ ಸ್ಥಿತಿ.

ಆ ಕಾಲದಲ್ಲಿ, ಇದೇ ಬೆಳಗಾವಿ ಜಿಲ್ಲೆಯ ವಾಯವ್ಯದ ಅಂಚಿನಲ್ಲಿ, ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವೆಡೆಯಲ್ಲಿರುವ ಭೋಜ ಗ್ರಾಮದ ಪಾಟೀಲರ ಮನೆತನದಲ್ಲಿ ೧೮೭೨ರಲ್ಲಿ ಒಂದು ಗಂಡು ಕೂಸು ಜನಿಸಿತು. ಭೋಜವು ಅಂದು ಚಿಕ್ಕೋಡಿ ತಾಲೂಕಿನಲ್ಲಿತ್ತು, ಇಂದು ನಿಪ್ಪಾಣಿ ತಾಲೂಕಿನಲ್ಲಿದೆ. ಹೆರಿಗೆಯಾದದ್ದು ತಾಯಿಯ ತವರಾದ ಯಳಗುಳದಲ್ಲಿ. ತಂದೆ ಭೀಮಗೌಡರು, ತಾಯಿ ಸತ್ಯವತಿ. ಕೂಸಿಗಿಟ್ಟ ಹೆಸರು ಸಾತಗೌಡ. ಆದಿಗೌಡ, ದೇವಗೌಡ ಎಂಬವರು ಅಣ್ಣಂದಿರು, ಕುಂಭಗೌಡನು ತಮ್ಮ, ಕೃಷ್ಣಾಬಾಯಿ ತಂಗಿ. ಚತುರ್ಥ ಜೈನ ಒಕ್ಕಲು ಮನೆತನ, ಹೊಲಮನೆಗಳಿಗೆ ಕೊರತೆಯಿರಲಿಲ್ಲ. ಶಾಲೆಯ ಓದು ಮಾತ್ರ ಅಲ್ಪವೇ. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿಗೆ ವಿವಾಹವಾಯಿತು. ಆ ಎಳೆಯ ವಧುವು ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಮುಂದೆ ಮರುವಿವಾಹದ ಮಾತು ಬಂದಾಗ ಸಾತಗೌಡರು ಒಪ್ಪಲಿಲ್ಲ, ಬ್ರಹ್ಮಚರ್ಯವನ್ನೇ ಹಿಡಿದರು.

ಹದಿನೆಂಟರ ಆಸುಪಾಸಿನಲ್ಲಿಯೇ ಅವರಲ್ಲಿ ಮುನಿದೀಕ್ಷೆಯ ಹಂಬಲವು ಗಟ್ಟಿಯಾಗಿತ್ತು. ಭೀಮಗೌಡರಿಗೆ ಅದನ್ನು ಅರಿಕೆ ಮಾಡಿಕೊಂಡಾಗ, ತಾವು ದಂಪತಿಗಳು ಬದುಕಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂದು ತಂದೆ ಕೇಳಿಕೊಂಡರು. ಮಗನು ಒಪ್ಪಿಕೊಂಡನು. ಈ ಒಪ್ಪಿಗೆಯ ಬೆಲೆಯನ್ನು ನಾವು ಸರಿಯಾಗಿ ತೂಗಬೇಕು. ಹದಿನೆಂಟರಲ್ಲಿ ಹುಟ್ಟಿದ ಹಂಬಲವು ನಲವತ್ತು ದಾಟುವವರೆಗೆ ಕಾಯಬೇಕಾಯಿತು. ಇಪ್ಪತ್ತಕ್ಕೂ ಮಿಕ್ಕ ವರ್ಷಗಳು! ಅಷ್ಟು ಕಾಲದಲ್ಲಿ ಎಂಥ ಬಯಕೆಯಾದರೂ ತುಕ್ಕು ಹಿಡಿಯುತ್ತದೆ. ಹೊಲ, ಅಂಗಡಿ, ಅಣ್ಣತಮ್ಮಂದಿರ ಮಕ್ಕಳು, ಊರ ಗೌಡಿಕೆಯ ಮರ್ಯಾದೆ, ಇವು ಒಂದೊಂದಾಗಿ ಬಂದು ಸುತ್ತಿಕೊಳ್ಳುತ್ತವೆ. ಸಾತಗೌಡರ ಬಾಳಿನ ನಿಜವಾದ ಸೋಜಿಗವು ಅವರ ದೊಡ್ಡ ತಪಸ್ಸಿಗಿಂತಲೂ ಈ ಕಾಯುವಿಕೆಯಲ್ಲಿದೆಯೆಂದು ನನಗೆ ತೋರುತ್ತದೆ. ಏಕೆಂದರೆ ಅವರು ಸುಮ್ಮನೆ ಕಾಯಲಿಲ್ಲ.

ಪಂಡಿತ ಸುಮೇರುಚಂದ್ರ ದಿವಾಕರರು ಮುಂದೆ ಭೋಜಕ್ಕೆ ಹೋಗಿ, ಹಳಬರನ್ನು ಕಂಡು, ಆ ಗೃಹಸ್ಥ ಜೀವನದ ವಿವರಗಳನ್ನು ಕೇಳಿ ಬರೆದಿಟ್ಟರು. ಅದರಿಂದ ತಿಳಿದುಬರುವಂತೆ ಪಾಟೀಲರ ಮನೆಯಲ್ಲಿ ಒಂದು ಬಟ್ಟೆಯ ಅಂಗಡಿಯಿತ್ತು. ಅದನ್ನು ನಡೆಯಿಸುತ್ತಿದ್ದವನು ಕುಂಭಗೌಡ. ಅವನಿಲ್ಲದ ವೇಳೆಯಲ್ಲಿ ಸಾತಗೌಡರು ಕುಳಿತರೆ, ಗಿರಾಕಿಯು ಬೇಕಾದ ಬಟ್ಟೆಯನ್ನು ತಾನೇ ಅಳೆದು ಹರಿದುಕೊಂಡು, ಲೆಕ್ಕವನ್ನೂ ತಾನೇ ಬರೆದಿಟ್ಟು ಹೋಗಬೇಕಾಗಿತ್ತು. ಹೊಲದಲ್ಲಿ ಬೆಳೆ ಕಾಯಲು ಹೋದರೆ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲ, ಅವುಗಳಿಗಾಗಿ ನೀರನ್ನೂ ಇಡುತ್ತಿದ್ದರು. ಆದರೂ ಆ ಹೊಲದ ಫಸಲು ಉಳಿದವರ ಹೊಲಗಳಿಗಿಂತ ಕಡಿಮೆಯಾಗುತ್ತಿರಲಿಲ್ಲವೆಂದು ನೆರೆಹೊಲದ ಮರಾಠಾ ಒಕ್ಕಲಿಗನೊಬ್ಬನು ಮುಪ್ಪಿನಲ್ಲಿ ನೆನೆದುಕೊಂಡಿದ್ದಾನೆ. ಜೋಳದ ತೆನೆಗೆ ಹಕ್ಕಿ ಕುಳಿತರೆ ಕವಣೆ ಬೀಸುವ ನಮ್ಮ ಕಡೆಯ ರೈತನಿಗೆ ಇದನ್ನು ನಂಬುವುದು ಕಷ್ಟ. ಕಂಡವನು ಹೇಳಿದ ಮಾತೆಂದು ಇಲ್ಲಿಟ್ಟಿದ್ದೇನೆ.

ಅವರಿಗೆ ರುದ್ರಪ್ಪನೆಂಬ ಲಿಂಗಾಯತ ಮಿತ್ರನಿದ್ದನು. ವೇದಾಂತವನ್ನು ಓದಿದವನು, ಸತ್ಯಕ್ಕೆ ಹೆಸರಾದವನು. ಇಬ್ಬರೂ ಗಂಟೆಗಟ್ಟಲೆ ತತ್ತ್ವಚರ್ಚೆಯಲ್ಲಿ ಕಳೆಯುತ್ತಿದ್ದರು. ಊರಿಗೆ ಪ್ಲೇಗು ಬಂದು ರುದ್ರಪ್ಪನು ಹಾಸಿಗೆ ಹಿಡಿದಾಗ, ಜನರು ಮನೆಮಠ ಬಿಟ್ಟು ಹೊರಬೀಳುತ್ತಿದ್ದ ಆ ದಿನಗಳಲ್ಲಿ, ಸಾತಗೌಡರು ಅವನ ಬಳಿಯಲ್ಲಿಯೇ ಕುಳಿತು ಕೊನೆಯವರೆಗೆ ಅವನ ಮನಸ್ಸನ್ನು ಸಮಾಧಾನದಲ್ಲಿರಿಸಿದರು. ಮುನಿಗಳು ಭೋಜಕ್ಕೆ ಬಂದರೆ ಸೇವೆಗೆ ಮೊದಲಾಳು ಅವರೇ. ಮೈಯಲ್ಲಿ ಅಪಾರ ಬಲವಿತ್ತು. ಆದಿಸಾಗರ ಮುನಿಗಳನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು ಊರ ಹೊಳೆಯನ್ನು ದಾಟಿಸುತ್ತಿದ್ದರು.

ಮೂವತ್ತೆರಡನೆಯ ವಯಸ್ಸಿನಲ್ಲಿ ಸಮ್ಮೇದ ಶಿಖರಜಿಯ ಯಾತ್ರೆ ಕೈಗೂಡಿತು. ಬೆಟ್ಟ ಹತ್ತಲಾರದೆ ಬಳಲಿದ್ದ ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ವಂದನೆ ಮಾಡಿಸಿದರೆಂದು ಹೇಳುತ್ತಾರೆ. ಯಾತ್ರೆಗೆ ಹೋದವರು ನೆನಪಿಗೆಂದು ಏನನ್ನಾದರೂ ತರುವುದುಂಟು. ಸಾತಗೌಡರು ಅಲ್ಲಿ ತಮ್ಮದೇನನ್ನೋ ಬಿಟ್ಟುಬಂದರು: ತುಪ್ಪ ಮತ್ತು ಎಣ್ಣೆಗಳನ್ನು ಆಜೀವ ತ್ಯಜಿಸಿದರು. ಮನೆಗೆ ಮರಳಿದ ಮೇಲೆ ದಿನಕ್ಕೊಂದೇ ಊಟವೆಂಬ ನಿಯಮವನ್ನೂ ಹಿಡಿದರು. ಗೌಡರ ಮನೆಯಲ್ಲಿ ಹಬ್ಬ ಹುಣ್ಣಿಮೆ, ಮದುವೆ ಮುಂಜಿಗಳಿಗೇನು ಕಡಿಮೆ! ಹೋಳಿಗೆಯ ಮೇಲೆ ತುಪ್ಪ ಬಡಿಸುವ ಪಂಕ್ತಿಯಲ್ಲಿ ತಾನೊಬ್ಬನೇ ಬೇರೆಯಾಗಿ ಕುಳಿತುಕೊಳ್ಳುವುದು ಒಂದು ದಿನದ ಮಾತಾದರೆ ಯಾರಿಗಾದರೂ ಸಾಧ್ಯ. ಅವರು ವರ್ಷಾನುವರ್ಷ ಹಾಗೆ ಕುಳಿತರು, ಯಾರನ್ನೂ ನೋಯಿಸಲಿಲ್ಲ, ಯಾರಿಗೂ ಉಪದೇಶಿಸಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಬಾಳಿರುವವರೆಗಿನ ತ್ಯಾಗವನ್ನು ಯಮವೆಂದೂ ವಿಂಗಡಿಸಿದ್ದಾರೆ. ನಾವು ಸಾಧಾರಣವಾಗಿ ನಿಯಮದಲ್ಲಿ ಆರಂಭಿಸಿ ಅದರ ಮುಗಿತಾಯವನ್ನು ಎದುರು ನೋಡುವವರು. ಸಾತಗೌಡರು ಒಂದೊಂದು ಚಿಕ್ಕ ವಸ್ತುವನ್ನು ಯಮವಾಗಿ ಬಿಡುತ್ತ, ಬಿಟ್ಟದ್ದು ಮೈಗೂಡಿದ ಮೇಲೆ ಮುಂದಿನದಕ್ಕೆ ಕೈಹಚ್ಚಿದವರು. ಮನೆಯಲ್ಲಿದ್ದೇ ಅವರು ಮುನಿಚರ್ಯೆಯ ಏಕಭುಕ್ತವನ್ನು ಕಲಿತುಕೊಂಡಿದ್ದರು, ದೀಕ್ಷೆಗೆ ಇನ್ನೂ ಹತ್ತು ವರ್ಷಗಳ ಮೇಲ್ಪಟ್ಟು ಇರುವಾಗಲೇ.

ತಂದೆ ತೀರಿಕೊಂಡರು. ಕೆಲವು ವರ್ಷಗಳ ತರುವಾಯ ತಾಯಿಯೂ ಸಮಾಧಿಯನ್ನು ಹೊಂದಿದರು. ಕೊಟ್ಟ ಮಾತು ಸಂದಿತು. ನಲವತ್ತು ದಾಟಿದ ಸಾತಗೌಡರು ಕೊಲ್ಲಾಪುರ ಸೀಮೆಯ ಉತ್ತೂರಿನಲ್ಲಿದ್ದ ದೇವೇಂದ್ರಕೀರ್ತಿ ಮುನಿಗಳ ಬಳಿಗೆ ಹೋದರು. ಜನರು ಅವರನ್ನು ದೇವಪ್ಪ ಸ್ವಾಮಿಗಳೆಂದು ಕರೆಯುತ್ತಿದ್ದರು. ಸಾತಗೌಡರು ಕೇಳಿದ್ದು ನೇರವಾಗಿ ನಿರ್ಗ್ರಂಥ ದೀಕ್ಷೆಯನ್ನು. ಗುರುಗಳು ಅದಕ್ಕೆ ಒಪ್ಪಲಿಲ್ಲ. ಮಾರ್ಗವು ಕಠಿಣವಾದುದರಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಲೇಸೆಂದು ತಿಳಿಹೇಳಿ ಕ್ಷುಲ್ಲಕ ದೀಕ್ಷೆಯನ್ನಷ್ಟೇ ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದವರಿಗೆ ಮತ್ತೆ ಕಾಯಬೇಕೆಂಬ ಅಪ್ಪಣೆ! ಅವರು ತಲೆಬಾಗಿ ಸ್ವೀಕರಿಸಿದರು. ಕೌಪೀನ, ಒಂದು ಉತ್ತರೀಯ, ಪಿಂಛಿ, ಕಮಂಡಲುಗಳೊಡನೆ ಸಾತಗೌಡರು ಶಾಂತಿಸಾಗರರಾದರು.

ಇಲ್ಲಿಂದ ಮುಂದಿನ ಸಂಗತಿಯು ವ್ರತಾಸಕ್ತರಾದ ಓದುಗರಿಗೆ ಬಹಳ ಮುಖ್ಯವಾದುದು. ಅಂದಿನ ತ್ಯಾಗಿಗಳ ಆಹಾರವು ಮೊದಲೇ ಗೊತ್ತಾಗಿರುತ್ತಿತ್ತು. ಬಸದಿಯ ಉಪಾಧ್ಯಾಯನು ಒಂದು ಮನೆಯನ್ನು ನಿಶ್ಚಯಿಸಿ ಬಂದು ಕರೆದೊಯ್ಯುವನು. ಮುನಿಗಳು ಕೂಡ ಊರೊಳಗೆ ಹೋಗುವಾಗ ವಸ್ತ್ರವನ್ನು ಹೊದ್ದು ಹೋಗುವ ರೂಢಿ ಬಿದ್ದಿತ್ತು. ಊಟದ ವೇಳೆಯಲ್ಲಿ ಅಂತರಾಯಕ್ಕೆ ಕಾರಣವಾಗುವ ಶಬ್ದವು ಕಿವಿಗೆ ಬೀಳದಿರಲೆಂದು ಗಂಟೆ ಬಾರಿಸುವ ಉಪಾಯವೂ ಇತ್ತೆಂದು ಹಳಬರು ಹೇಳಿದ್ದಾರೆ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕಾಲ ಕೆಟ್ಟಿದೆ, ಇಷ್ಟಾದರೂ ಉಳಿದಿದೆಯಲ್ಲ ಎಂಬ ಸಮಾಧಾನವೇ ಎಲ್ಲರಲ್ಲಿಯೂ ಇತ್ತು. ಆದರೆ ಶಾಸ್ತ್ರವು ಹೇಳುವುದು ಬೇರೆ: ತ್ಯಾಗಿಯು ತನಗಾಗಿ ಮಾಡಿದುದನ್ನು ಉಣ್ಣಬಾರದು, ಕರೆಯಿಸಿಕೊಂಡು ಹೋಗಬಾರದು. ಚರ್ಯೆಗೆ ಹೊರಟಾಗ ಶ್ರಾವಕನು ತನ್ನ ಬಾಗಿಲಲ್ಲಿ ನಿಂತು ವಿಧಿಪೂರ್ವಕ ಪಡಿಗಾಹಿಸಿದರೆ ನಿಲ್ಲಬೇಕು, ಇಲ್ಲವಾದರೆ ಮರಳಬೇಕು.

ಹೊಸ ಕ್ಷುಲ್ಲಕರು ಶಾಸ್ತ್ರದಂತೆಯೇ ನಡೆಯಲು ನಿಶ್ಚಯಿಸಿದರು. ಉಪಾಧ್ಯಾಯನ ಕರೆಯನ್ನು ನಿರಾಕರಿಸಿ ತಾವೇ ಬೀದಿಗಿಳಿದರು. ಜನರಿಗೆ ಆ ವಿಧಿಯೇ ಮರೆತುಹೋಗಿತ್ತು. ಬಾಗಿಲಲ್ಲಿ ಹೇಗೆ ನಿಲ್ಲಬೇಕು, ಏನೆಂದು ಸ್ವಾಗತಿಸಬೇಕು ಎಂಬುದು ಯಾರಿಗೂ ತಿಳಿಯದು. ಭಕ್ತಿಯಿದ್ದರೂ ದಾರಿ ಗೊತ್ತಿಲ್ಲದೆ ಕೈಜೋಡಿಸಿ ನೋಡುತ್ತ ನಿಲ್ಲುತ್ತಿದ್ದರು. ಶಾಂತಿಸಾಗರರು ಮನೆಯಿಂದ ಮನೆಗೆ ಸಾಗಿ ಬರಿಹೊಟ್ಟೆಯಲ್ಲಿ ಬಸದಿಗೆ ಮರಳುತ್ತಿದ್ದರು. ಹೀಗೆ ಒಂದೆರಡು ದಿನವಲ್ಲ, ಹಲವು ದಿನ. ಸುತ್ತಲಿನವರಿಗೆ ಇದು ಹಟವೆಂದು ತೋರಿತು, ಹೊಸಬರ ಆವೇಶವೆಂದೂ ತೋರಿತು. ಹಟ ಮಾಡುವವನು ಸಿಟ್ಟಾಗುತ್ತಾನೆ, ಇನ್ನೊಬ್ಬರನ್ನು ಹೊಣೆ ಮಾಡುತ್ತಾನೆ. ಇವರು ಯಾರನ್ನೂ ಹಳಿಯಲಿಲ್ಲ. ಹಸಿವನ್ನು ತಮ್ಮ ಮೇಲಿಟ್ಟುಕೊಂಡರು, ಕಲಿಯುವ ಅವಕಾಶವನ್ನು ಶ್ರಾವಕರಿಗೆ ಬಿಟ್ಟರು. ಕ್ರಮೇಣ ಮನೆಮನೆಗಳಲ್ಲಿ ತಾಯಂದಿರು ವಿಧಿಯನ್ನು ಕಲಿತರು. ಇಂದು ನಮ್ಮ ಊರುಗಳಿಗೆ ಮುನಿಸಂಘವು ಬಂದಾಗ ಹೊಸ್ತಿಲ ಮುಂದೆ ಕಲಶ ಹಿಡಿದು ನಿಲ್ಲುವ ನಮ್ಮ ಸೊಸೆಯಂದಿರು, ಮೊಮ್ಮಕ್ಕಳು ಆ ಬರಿಹೊಟ್ಟೆಯ ದಿನಗಳಿಗೆ ಋಣಿಗಳು. ಅವರಲ್ಲಿ ಹಲವರಿಗೆ ಇದು ತಿಳಿದಿರಲಿಕ್ಕಿಲ್ಲ.

ಕೊಗನೊಳ್ಳಿ, ಕುಂಭೋಜ ಮೊದಲಾದೆಡೆ ಚಾತುರ್ಮಾಸಗಳು ಸಂದವು. ಗಿರನಾರ ಯಾತ್ರೆಗೆ ಹೋದಾಗ ಭಗವಾನ್ ನೇಮಿನಾಥರ ಪಾದಗಳ ಸನ್ನಿಧಿಯಲ್ಲಿ ಉತ್ತರೀಯವನ್ನೂ ಬಿಟ್ಟು ಐಲಕರಾದರು. ಮರಳುವ ದಾರಿಯಲ್ಲಿ, ಕುಂಡಲದ ಬಳಿಯಲ್ಲಿ, ವಾಹನಗಳನ್ನು ಆಜೀವ ತ್ಯಜಿಸಿದರು. ೧೯೨೦ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ಪಂಚಕಲ್ಯಾಣ ಮಹೋತ್ಸವವು ನಡೆದಾಗ, ಅದೇ ದೇವೇಂದ್ರಕೀರ್ತಿ ಸ್ವಾಮಿಗಳಿಂದ ನಿರ್ಗ್ರಂಥ ಮುನಿದೀಕ್ಷೆಯಾಯಿತು. ಹದಿನೆಂಟರಲ್ಲಿ ಕಂಡ ಗುರಿಗೆ ನಲವತ್ತೇಳು ದಾಟಿದ ಮೇಲೆ ಮುಟ್ಟಿದರು. ಮುಟ್ಟಿದಾಗ ಅವರು ಹದಿನೆಂಟರ ಸಾತಗೌಡನಾಗಿರಲಿಲ್ಲ. ಅಂದೇ ದೀಕ್ಷೆ ದೊರೆತಿದ್ದರೆ ಏನಾಗುತ್ತಿತ್ತೆಂದು ಯಾರು ಬಲ್ಲರು? ಆದರೆ ಯರನಾಳದಲ್ಲಿ ಬಟ್ಟೆ ಕಳಚಿದ ಮನುಷ್ಯನಿಗೆ ಬಿಡಬೇಕಾದದ್ದು ಆ ಬಟ್ಟೆಯೊಂದೇ ಉಳಿದಿತ್ತು, ಮಿಕ್ಕುದೆಲ್ಲವೂ ಮೊದಲೇ ಉದುರಿಹೋಗಿತ್ತು.

ಮುನಿಜೀವನದ ಆರಂಭದ ವರ್ಷಗಳು ನಮ್ಮ ಜಿಲ್ಲೆಯಲ್ಲಿಯೇ ಕಳೆದವು. ನಸಲಾಪುರ, ಐನಾಪುರ, ಗೋಕಾಕದ ಬಳಿಯ ಕೊಣ್ಣೂರು ಅವರ ಚಾತುರ್ಮಾಸದ ತಾಣಗಳು. ಗುಹೆಯಲ್ಲಿ ಧ್ಯಾನಮಗ್ನರಾಗಿದ್ದಾಗ ಸರ್ಪವು ಮೈಮೇಲೆ ಹರಿದಾಡಿದ ಪ್ರಸಂಗವು ಭಕ್ತರಲ್ಲಿ ಬಹಳವಾಗಿ ಪ್ರಚಲಿತವಾಗಿದೆ, ಚಿತ್ರಗಳಲ್ಲಿಯೂ ಬಂದಿದೆ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಸರ್ಪದ ಕಥೆಯನ್ನು ಕೇಳಿ ನಾವು ಕೈಮುಗಿದು ಏಳುತ್ತೇವೆ, ಬರಿಹೊಟ್ಟೆಯ ಕಥೆಯಾದರೋ ನಮ್ಮನ್ನು ಕುಳ್ಳಿರಿಸಿ ಕೇಳುತ್ತದೆ. ೧೯೨೪ರಲ್ಲಿ ಸಾಂಗಲಿ ಬಳಿಯ ಸಮಡೋಳಿಯಲ್ಲಿ ಚತುಃಸಂಘವು ಅವರಿಗೆ ಆಚಾರ್ಯ ಪದವಿಯನ್ನು ಒಪ್ಪಿಸಿತು. ಅಣ್ಣ ದೇವಗೌಡರೂ ಮುಂದೆ ಮುನಿಯಾಗಿ ವರ್ಧಮಾನಸಾಗರರೆನಿಸಿದರು.

೧೯೨೭ರಲ್ಲಿ ಸಂಘವು ಶಿಖರಜಿಯ ಕಡೆಗೆ ಹೊರಟಿತು. ಯಾತ್ರೆಯ ವ್ಯವಸ್ಥೆಯನ್ನು ಮುಂಬಯಿಯ ಜವಾಹಿರಿ ಪೂನಮಚಂದ ಘಾಸೀಲಾಲರ ಮನೆತನವು ಹೊತ್ತಿತು. ಗೃಹಸ್ಥನಾಗಿ ಒಮ್ಮೆ ಕಂಡ ಬೆಟ್ಟಕ್ಕೆ ಈಗ ದಕ್ಷಿಣದಿಂದ ಬರಿಗಾಲಲ್ಲಿ ಪಯಣ. ೧೯೨೮ರಲ್ಲಿ ಶಿಖರಜಿಯನ್ನು ಮುಟ್ಟಿ, ಅಲ್ಲಿಂದ ಕಟನಿ, ಲಲಿತಪುರ, ಮಥುರಾಗಳಲ್ಲಿ ವರ್ಷಾಯೋಗಗಳನ್ನು ಕಳೆದು, ೧೯೩೧ರಲ್ಲಿ ದೆಹಲಿಯಲ್ಲಿ ಚಾತುರ್ಮಾಸ ಮಾಡಿದರು. ದಿಗಂಬರ ಮುನಿಗಳು ರಾಜಧಾನಿಯ ಬೀದಿಗಳಲ್ಲಿ ಸಂಚರಿಸುವುದಕ್ಕೆ ಸರಕಾರದ ನಿರ್ಬಂಧಗಳಿದ್ದ ಕಾಲವದು. ಆಚಾರ್ಯರು ನಗರದ ಮುಖ್ಯ ಸ್ಥಳಗಳಲ್ಲಿ ಶಾಂತವಾಗಿ ನಡೆದುಹೋದರು. ಕೀರ್ತಿಯನ್ನು ಬಯಸದವರು ಅಲ್ಲಲ್ಲಿ ನಿಂತು ಛಾಯಾಚಿತ್ರ ತೆಗೆಯಲು ಮಾತ್ರ ಆಗ ಅವಕಾಶ ಕೊಟ್ಟರೆಂದು ಚರಿತ್ರಕಾರರು ಬರೆದಿದ್ದಾರೆ. ದಿಗಂಬರ ಮುನಿಯು ಇಲ್ಲಿ ಸಂಚರಿಸಿದ್ದನೆಂಬುದಕ್ಕೆ ಮುಂದಿನ ಮುನಿಗಳಿಗೆ ಒಂದು ಸಾಕ್ಷಿ ಉಳಿಯಲೆಂಬುದೇ ಕಾರಣ.

ದೆಹಲಿಗೆ ಬರುವ ಮುಂಚೆ, ೧೯೩೦ರಲ್ಲಿ, ಧೌಲಪುರ ಸಂಸ್ಥಾನದ ರಾಜಾಖೇಡಾದಲ್ಲಿ ಒಂದು ಉಪಸರ್ಗವೊದಗಿತು. ಶಸ್ತ್ರಧಾರಿಗಳ ಗುಂಪೊಂದು ಸಂಘದ ಮೇಲೆ ಏರಿಬಂದಿತು. ದಿನವೂ ಹೊರಗೆ ಕುಳಿತು ಸಾಮಾಯಿಕ ಮಾಡುತ್ತಿದ್ದ ಆಚಾರ್ಯರು ಅಂದು ಒಳಗಿದ್ದುದರಿಂದ ಅನಾಹುತ ತಪ್ಪಿತು. ಪೋಲೀಸರು ಬಂದು ದಂಗೆಯ ಮುಖಂಡನನ್ನು ಹಿಡಿದರು. ಅವನನ್ನು ಬಿಡುವವರೆಗೆ ತಾವು ಆಹಾರ ತೆಗೆದುಕೊಳ್ಳುವುದಿಲ್ಲವೆಂದು ಆಚಾರ್ಯರು ತಿಳಿಸಿದರು. ಅಧಿಕಾರಿಗಳು ಬೆರಗಾಗಿ ಅವನನ್ನು ಬಿಟ್ಟರು. ತನ್ನ ಚರ್ಯೆಗಾಗಿ ಹಸಿದವರು ಈಗ ತನ್ನನ್ನು ಕೊಲ್ಲಬಂದವನಿಗಾಗಿ ಹಸಿಯಲು ಸಿದ್ಧರಾಗಿದ್ದರು.

ಉಪವಾಸದ ಲೆಕ್ಕವನ್ನು ಈ ಪುಟಗಳಲ್ಲಿ ಹೇಳದಿರಲಾಗದು. ಚಾರಿತ್ರಶುದ್ಧಿ ವ್ರತವೊಂದಕ್ಕೇ ೧೨೩೪ ಉಪವಾಸಗಳು, ಕರ್ಮದಹನಕ್ಕೆ ೧೫೬. ಇವುಗಳನ್ನೂ ಸಿಂಹನಿಷ್ಕ್ರೀಡಿತದಂತಹ ಏರಿಳಿತದ ವ್ರತಗಳನ್ನೂ ಅವರು ಪೂರೈಸಿದರು. ಮೂವತ್ತೈದು ವರ್ಷಗಳ ಮುನಿಜೀವನದಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕ ದಿನಗಳು ನಿರಾಹಾರವಾಗಿ ಕಳೆದುವೆಂದು ಶಿಷ್ಯರು ಲೆಕ್ಕವಿಟ್ಟಿದ್ದಾರೆ. ೧೯೩೭ರಲ್ಲಿ ಗಜಪಂಥಾ ಕ್ಷೇತ್ರದಲ್ಲಿ ಸಮಾಜವು ಚಾರಿತ್ರ ಚಕ್ರವರ್ತಿ ಎಂಬ ಬಿರುದನ್ನಿತ್ತಿತು. ಎಣಿಕೆಯು ಶಿಷ್ಯರದ್ದು, ಬಿರುದು ಸಮಾಜದ್ದು. ಅವರು ಎಣಿಸುತ್ತ ಕುಳಿತಿದ್ದರೆ ಅಷ್ಟು ಆಗುತ್ತಿರಲಿಲ್ಲವೆಂದು ತೋರುತ್ತದೆ.

ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಮೂಡಬಿದಿರೆಯಲ್ಲಿ ಶತಮಾನಗಳಿಂದ ಉಳಿದುಬಂದಿದ್ದವು. ಮಹಾಬಂಧದ ಒಂದು ಭಾಗವನ್ನು ಹುಳುಗಳು ತಿಂದುಹಾಕಿವೆಯೆಂಬ ಸುದ್ದಿಯು ೧೯೪೪ರ ಸುಮಾರಿಗೆ ಕುಂಥಲಗಿರಿಯಲ್ಲಿ ಅವರಿಗೆ ತಿಳಿಯಿತು. ಆ ನೋವಿನಿಂದಲೇ ಆ ಗ್ರಂಥಗಳನ್ನು ತಾಮ್ರಪತ್ರಗಳ ಮೇಲೆ ಕೊರೆಯಿಸುವ ಕಾರ್ಯವು ಆರಂಭವಾಯಿತು, ವರ್ಷಗಳ ಶ್ರಮದಿಂದ ಫಲಟಣದಲ್ಲಿ ನೆಲೆಗೊಂಡಿತು. ಶಾಲೆಯಲ್ಲಿ ಅಲ್ಪವೇ ಓದಿದ ಒಕ್ಕಲು ಮಗನ ಪ್ರೇರಣೆಯಿಂದ ಸಿದ್ಧಾಂತ ಶಾಸ್ತ್ರವು ತಾಮ್ರಕ್ಕೇರಿತು.

ಇನ್ನೊಂದು ದೀರ್ಘ ತ್ಯಾಗವನ್ನು ಕುರಿತು ಬರೆಯುವಾಗ ಕೈ ತುಸು ತಡೆಯುತ್ತದೆ. ೧೯೪೭ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾಯಿದೆಯಲ್ಲಿ ಜೈನರನ್ನು ಹಿಂದೂಗಳೊಡನೆ ಸೇರಿಸಲಾಗಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ರಾಮದುರ್ಗ ಸಂಸ್ಥಾನವೂ ೧೯೪೮ರಲ್ಲಿ ಅದರಲ್ಲಿ ವಿಲೀನವಾಯಿತು. ಆದುದರಿಂದ ಇದು ನಮ್ಮ ಹಿರಿಯರ ಬಸದಿಗಳನ್ನೂ ಮುಟ್ಟಿದ ವಿಷಯ. ಜೈನಧರ್ಮದ ಸ್ವತಂತ್ರ ಅಸ್ತಿತ್ವಕ್ಕೆ ಇದರಿಂದ ಬಾಧೆಯೆಂದು ಭಾವಿಸಿದ ಆಚಾರ್ಯರು ೧೯೪೮ರ ಆಗಸ್ಟಿನಿಂದ ಅನ್ನಾಹಾರವನ್ನು, ಅಂದರೆ ಧಾನ್ಯದ ಪದಾರ್ಥಗಳನ್ನು, ತ್ಯಜಿಸಿದರು. ಅಕಲೂಜದ ಬಸದಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ೧೯೫೧ರ ಜುಲೈ ೨೪ರಂದು ಮುಂಬಯಿ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹಿಂದೂ ಮತ್ತು ಜೈನರ ನಡುವಣ ಭೇದವನ್ನು ಅಳಿಸುವುದು ಆ ಕಾಯಿದೆಯ ಉದ್ದೇಶವಲ್ಲವೆಂದು ಅದು ಅರ್ಥೈಸಿತು. ೧೧೦೫ ದಿನಗಳ ಬಳಿಕ, ೧೯೫೧ರ ಆಗಸ್ಟ್ ೧೬ರಂದು, ಆಚಾರ್ಯರು ಮತ್ತೆ ಧಾನ್ಯವನ್ನು ಸ್ವೀಕರಿಸಿದರು. ಆಗಲೂ ಜೈನರಲ್ಲಿಯೇ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ಇಂದು ಆ ಪ್ರಶ್ನೆಯನ್ನು ದೇವಾಲಯದ ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವರ ಕಣ್ಣಿನಿಂದ ನೋಡಬೇಕೆನ್ನುವವರಿದ್ದಾರೆ, ನೋಡಬೇಕಾದುದೂ ಹೌದು. ಒಬ್ಬ ಮಹಾತ್ಮರ ನಿಲುವನ್ನು ಒಪ್ಪುವ ಅಥವಾ ಒಪ್ಪದಿರುವ ಸ್ವಾತಂತ್ರ್ಯವು ವಿನಯಕ್ಕೆ ಭಂಗ ತರುವುದಿಲ್ಲ. ಆ ಮೂರು ವರ್ಷ ಅವರು ಕ್ಷೀಣಿಸಿದ ತಮ್ಮ ದೇಹದ ಹೊರತು ಇನ್ನಾರನ್ನೂ ದಂಡಿಸಲಿಲ್ಲವೆಂಬುದನ್ನು ಮಾತ್ರ ಒಪ್ಪದವರೂ ಅಲ್ಲಗಳೆಯಲಾರರು.

ಎಂಬತ್ತು ದಾಟಿದ ಆಚಾರ್ಯರ ಕಣ್ಣುಗಳು ಮಂದವಾದವು. ಗೃಹಸ್ಥನಿಗೆ ಇದು ಮುಪ್ಪಿನ ಒಂದು ತೊಂದರೆ. ಮುನಿಗೆ ಹಾಗಲ್ಲ. ನೆಲವನ್ನು ನೋಡದೆ ಹೆಜ್ಜೆಯಿಟ್ಟರೆ ಈರ್ಯಾಸಮಿತಿಯು ಸಾಗದು, ಆಹಾರವನ್ನು ಕಂಡು ಶೋಧಿಸದಿದ್ದರೆ ಏಷಣಾಸಮಿತಿಯು ಸಾಗದು. ವ್ರತವನ್ನು ಹೊತ್ತು ತಂದ ದೇಹವು ಇನ್ನು ಮುಂದೆ ಆ ವ್ರತಕ್ಕೇ ಅಡ್ಡಿಯಾಗುವ ಹಂತ ಬಂದಿತು. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬುದು ಅವರಿಗೆ ಪ್ರಶ್ನೆಯೇ ಆಗಿರಲಿಲ್ಲ. ದೇಶಭೂಷಣ ಕುಲಭೂಷಣ ಕೇವಲಿಗಳ ಸಿದ್ಧಕ್ಷೇತ್ರವಾದ ಕುಂಥಲಗಿರಿಯಲ್ಲಿ ೧೯೫೫ರ ಆಗಸ್ಟ್ ೧೪ರಂದು ಸಲ್ಲೇಖನವು ಆರಂಭವಾಯಿತು. ಮೊದಲು ಮಿತಿಯಿಟ್ಟು ಹಿಡಿದುದನ್ನು ಮೂರು ದಿನಗಳ ಬಳಿಕ ಯಮಸಲ್ಲೇಖನವಾಗಿಸಿದರು. ಇಲ್ಲಿಯೂ ಅದೇ ಕ್ರಮ: ಮೊದಲು ನಿಯಮ, ಆಮೇಲೆ ಯಮ. ಆಗಸ್ಟ್ ತಿಂಗಳು ಮುಗಿಯುವ ಮೊದಲೇ ತಮ್ಮ ಆಚಾರ್ಯಪದವನ್ನು ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮುನಿಗಳಿಗೆ ಒಪ್ಪಿಸಿ ಹಗುರಾದರು. ಸೆಪ್ಟೆಂಬರ್ ೪ರಂದು ಕೊನೆಯ ಬಾರಿ ನೀರು ತೆಗೆದುಕೊಂಡರು.

ಸಾವಿರಾರು ಜನರು ಬೆಟ್ಟದಡಿಯಲ್ಲಿ ನೆರೆದಿದ್ದರು. ಸೆಪ್ಟೆಂಬರ್ ೮ರಂದು, ನಿರಾಹಾರದ ಇಪ್ಪತ್ತಾರನೆಯ ದಿನ, ಅವರ ಕೊನೆಯ ಪ್ರವಚನವನ್ನು ಯಂತ್ರದಲ್ಲಿ ಮುದ್ರಿಸಿಕೊಳ್ಳಲಾಯಿತು. ಮರಾಠಿಯಲ್ಲಿ, ಸುಮಾರು ಇಪ್ಪತ್ತೆರಡು ನಿಮಿಷ. ಒಂಬತ್ತು ಸಾವಿರ ಉಪವಾಸಗಳ ಆಚಾರ್ಯರು ತಮ್ಮಂತೆ ತಪಸ್ಸು ಮಾಡಿರೆಂದು ಆ ಜನರಿಗೆ ಹೇಳಲಿಲ್ಲ. ಸಂಯಮಕ್ಕೆ ಹೆದರಬೇಡಿರೆಂದರು. ದಿನದಲ್ಲಿ ಇಷ್ಟು ಗಳಿಗೆ ಆತ್ಮಚಿಂತನೆ ಮಾಡಬೇಕೆಂದು ಹೇಳಿ, ಅಷ್ಟಾಗದಿದ್ದರೆ ಇಷ್ಟು, ಅದೂ ಆಗದಿದ್ದರೆ ಹತ್ತು ಹದಿನೈದು ನಿಮಿಷವಾದರೂ, ಅದೂ ಆಗದಿದ್ದರೆ ಐದು ನಿಮಿಷವಾದರೂ ಎಂದು ಮೆಟ್ಟಿಲನ್ನು ಕೆಳಗೆ ಕೆಳಗೆ ಇಳಿಸುತ್ತ, ಕೊಟ್ಟಕೊನೆಯ ಶ್ರಾವಕನ ಕಾಲಿಗೂ ಎಟುಕುವಂತೆ ಇರಿಸಿದರು.

ಹತ್ತು ದಿನಗಳು ಕಳೆದವು. ಸಲ್ಲೇಖನದ ಮೂವತ್ತಾರನೆಯ ದಿನ, ೧೯೫೫ರ ಸೆಪ್ಟೆಂಬರ್ ೧೮ರ ಭಾನುವಾರ, ದ್ವಿತೀಯ ಭಾದ್ರಪದ ಶುಕ್ಲ ಬಿದಿಗೆಯ ಬೆಳಗಿನ ೬ ಗಂಟೆ ೫೦ ನಿಮಿಷಕ್ಕೆ, ಭೋಜದ 'ಸಾತಗೌಡರು' ದೇಹವನ್ನೂ ಬಿಟ್ಟರು. ಅಧಿಕ ಮಾಸ ಬಂದು ಆ ವರ್ಷ ಭಾದ್ರಪದವು ಎರಡಾಗಿತ್ತು. ದಶಲಕ್ಷಣ ಪರ್ವಕ್ಕೆ ಇನ್ನು ಮೂರೇ ದಿನಗಳಿದ್ದವು.